ಹತ್ತು ಪರ್ಸೆಂಟ್ ಅಂದ್ರೆ ಯಾರಿಗೆ ಎಷ್ಟು?

ಮನೆ ಕೊಳ್ಳಲೆಂದು ನಾಲ್ಕೈದು ಲಕ್ಷ ಕೂಡಿಟ್ಟವರನ್ನು ಬ್ರೋಕರ್‌ಗಳು ಬಹಳ ಬೇಗ ಗುರುತು ಹಿಡಿಯುತ್ತಾರೆ. ಕೈತುಂಬ ದುಡ್ಡಿರುವವರು ಹತ್ತು ಮನೆ ನೋಡುತ್ತಾರೆ, ಚೌಕಾಸಿ ಮಾಡುತ್ತಾರೆ, ಜೊತೆಗೆ ವಕೀಲರನ್ನು ಕರೆದುಕೊಂಡು ಬರುತ್ತಾರೆ. ಏನೂ ಇಲ್ಲದವರು ಆ ದಿಕ್ಕಿಗೇ ಹೋಗುವುದಿಲ್ಲ. ನಡುವೆ ಇರುವವರದ್ದೇ ಕಷ್ಟ. ವರ್ಷಗಟ್ಟಲೆ ದುಡಿದು, ಚೀಟಿ ಹಾಕಿ, ಮಕ್ಕಳ ಫೀಸು ಕಟ್ಟಿ, ಆಸ್ಪತ್ರೆ ಖರ್ಚು ನಿಭಾಯಿಸಿ ಮಿಕ್ಕಿದ್ದನ್ನು ಒಟ್ಟು ಮಾಡಿಕೊಂಡವರು ಇವರು. ಇವರು ಕೇಳುವುದು ಒಂದೇ ಮಾತು: ‘ನಮ್ಮ ಹತ್ರ ಇಷ್ಟೇ ಇದೆ. ಆಗುತ್ತಾ?’

ಬ್ಯಾಂಕಿನವರು ಆಗಲ್ಲ ಅನ್ನುತ್ತಾರೆ. ಬ್ರೋಕರ್ ಹಾಗನ್ನುವುದಿಲ್ಲ. ‘ಖಂಡಿತ ಆಗುತ್ತೆ ಸಾರ್, ನಿಮ್ಮಂಥವರಿಗೇ ಒಂದು ಸ್ಕೀಮ್ ಇದೆ’ ಅನ್ನುತ್ತಾರೆ.

ನಾನು ಟ್ಯಾಕ್ಸ್ ರಿಟರ್ನ್ಸ್ ಮಾಡಿಕೊಡುವ ಕೆಲಸದವಳು. ಜೂನ್, ಜುಲೈ ಬಂತೆಂದರೆ ಜನ ಫಾರಂ 16ರ ಜೊತೆ ಮನೆಯಲ್ಲಿರುವ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಬರುತ್ತಾರೆ. ಎಲ್‌ಐಸಿ ರಸೀದಿ, ಸ್ಕೂಲ್ ಫೀಸು, ಬಾಡಿಗೆ ಚೀಟಿ. ಅವುಗಳ ನಡುವೆ ಈಚೆಗೆ ಸೈಟು, ಫ್ಲಾಟುಗಳ ಬುಕಿಂಗ್ ರಸೀದಿಗಳು ಜಾಸ್ತಿ ಸಿಗುತ್ತಿವೆ. ಅವನ್ನು ಓದಿ ಓದಿ ನನಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು ಅನ್ನಿಸಿದೆ. ಮನೆ ಕೊಳ್ಳುವವರಿಗೆ ನಮ್ಮ ಕಾನೂನು ಕೊಡುವ ರಕ್ಷಣೆ ಒಳ್ಳೆಯದೇ. ಆದರೆ ಅದು ಪೂರ್ತಿಯಾಗಿ ಸಿಗುವ ಹೊತ್ತಿಗೆ, ಸಣ್ಣ ಉಳಿತಾಯದವರ ದುಡ್ಡೆಲ್ಲ ಕೈಬಿಟ್ಟು ಹೋಗಿರುತ್ತದೆ.

ಮೊದಲು ಲೆಕ್ಕ ನೋಡೋಣ. ಈ ಲೆಕ್ಕ ಯಾವ ಪಾಂಪ್ಲೆಟ್‌ನಲ್ಲೂ ಇರುವುದಿಲ್ಲ.

ಬೆಂಗಳೂರಿನ ಹೊರವಲಯದಲ್ಲಿ ಕಟ್ಟುತ್ತಿರುವ ಒಂದು ಫ್ಲಾಟು, ಬೆಲೆ 50 ಲಕ್ಷ ಅಂತಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ ಶೇ 90ರವರೆಗೆ ಕೊಡಬಹುದು. 30ರಿಂದ 75 ಲಕ್ಷದ ಸಾಲಕ್ಕೆ ಶೇ 80. ಹಾಗಾಗಿ ಈ ಫ್ಲಾಟಿಗೆ ಹೆಚ್ಚೆಂದರೆ 40 ಲಕ್ಷ ಸಾಲ ಸಿಗುತ್ತದೆ. ಮಿಕ್ಕ 10 ಲಕ್ಷ ಕೈಯಿಂದ ಹಾಕಬೇಕು. ಮುಗಿಯಿತಾ ಅಂದರೆ ಇಲ್ಲ. ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಎಲ್ಲ ಸೇರಿ 7.6, ಅಂದರೆ 3 ಲಕ್ಷ 80 ಸಾವಿರ. ಇದನ್ನು ಬ್ಯಾಂಕು ಮನೆ ಬೆಲೆಯೊಳಗೆ ಸೇರಿಸಿಕೊಂಡು ಸಾಲ ಕೊಡುವುದಿಲ್ಲ. ಕಟ್ಟುತ್ತಿರುವ ಮನೆಯಾದ್ದರಿಂದ ಶೇ 5 ಜಿಎಸ್‌ಟಿ, ಇನ್ನೊಂದು ಎರಡೂವರೆ ಲಕ್ಷ. ಒಟ್ಟು 16 ಲಕ್ಷ ದಾಟಿತು. ಲೀಗಲ್ ಫೀಸು, ಬ್ಯಾಂಕಿನ ಪ್ರೋಸೆಸಿಂಗ್ ಫೀಸು, ಮನೆಗೆ ಹೋದ ಮೇಲೆ ಫ್ಯಾನು, ಕಿಟಕಿಗೆ ಪರದೆ ಬೇರೆ.

ಐದು ಲಕ್ಷ ಇರುವವರಿಗೆ ಈ 16 ಲಕ್ಷ ಎಲ್ಲಿಂದ ಬರಬೇಕು?

ಅದರಲ್ಲೂ ಆ ಐದು ಲಕ್ಷವಾದರೂ ಪೂರ್ತಿ ಕೈಯಲ್ಲಿರುತ್ತದಾ? ಬಾಡಿಗೆ ಮನೆಯ ಅಡ್ವಾನ್ಸ್ ನೆನಪಿಸಿಕೊಳ್ಳಿ. 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ತಗೊಳ್ಳಬಾರದು ಅನ್ನುತ್ತದೆ. ಬೆಂಗಳೂರಿನಲ್ಲಿ ಐದಾರು ತಿಂಗಳದ್ದು ಮಾಮೂಲು, ಹತ್ತು ತಿಂಗಳದ್ದು ಕೇಳುವವರೂ ಇದ್ದಾರೆ. ಒಂದೆರಡು ಲಕ್ಷ ಅಲ್ಲೇ ಕೂತಿರುತ್ತದೆ. ಮನೆ ಖಾಲಿ ಮಾಡಿದರೆ ತಾನೇ ಅದು ವಾಪಸ್ ಬರುವುದು? ಸ್ವಂತ ಮನೆ ಆಗದೆ ಬಾಡಿಗೆ ಮನೆ ಬಿಡುವ ಹಾಗಿಲ್ಲ, ಬಾಡಿಗೆ ಮನೆ ಬಿಡದೆ ಆ ದುಡ್ಡು ಕೈಗೆ ಸಿಗುವ ಹಾಗಿಲ್ಲ.

ಇಂಥ ಜಾಗದಲ್ಲಿ ಬ್ರೋಕರ್ ಸ್ಕೀಮ್ ಬರುತ್ತದೆ. ಸ್ಕೀಮುಗಳಲ್ಲಿ ನಾನಾ ನಮೂನೆ. ‘ಡೌನ್ ಪೇಮೆಂಟ್‌ಗೂ ಲೋನ್ ಮಾಡಿಸಿಕೊಡ್ತೀವಿ’ ಅನ್ನುವುದು ಒಂದು. ಕೇಳಲು ಸೊಗಸಾಗಿದೆ. ಆದರೆ ಅದು ಪರ್ಸನಲ್ ಲೋನ್. ಐದು ಲಕ್ಷಕ್ಕೆ ಶೇ 14ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಗೊಂಡರೆ ತಿಂಗಳಿಗೆ ಹತ್ತಿರ ಹತ್ತಿರ 11,600 ಕಂತು. 40 ಲಕ್ಷದ ಗೃಹಸಾಲಕ್ಕೆ ಎಂಟೂವರೆ ಪರ್ಸೆಂಟಿನಲ್ಲಿ 20 ವರ್ಷಕ್ಕೆ ಸುಮಾರು 34,700. ಎರಡೂ ಸೇರಿ ತಿಂಗಳಿಗೆ 46 ಸಾವಿರ ದಾಟುತ್ತದೆ. ಮನೆ ಕೈಗೆ ಬರುವವರೆಗೆ ಬಾಡಿಗೆಯೂ ನಿಲ್ಲುವುದಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿದು 60 ಸಾವಿರ ತರುವ ಮನೆಯಲ್ಲಿ ಇದು ಒಂದು ವರ್ಷವೂ ನಡೆಯುವ ಲೆಕ್ಕವಲ್ಲ.

‘ಕೀ ಕೈಗೆ ಬರುವವರೆಗೂ ಇಎಂಐ ಇಲ್ಲ’ ಅನ್ನುವುದು ಇನ್ನೊಂದು. ಬ್ಯಾಂಕಿನವರು ಸಾಲವನ್ನು ಮೊದಲೇ ಬಿಲ್ಡರ್‌ಗೆ ಕೊಟ್ಟುಬಿಡುತ್ತಾರೆ, ಬಡ್ಡಿ ಕಟ್ಟುವುದು ಬಿಲ್ಡರ್ ಜವಾಬ್ದಾರಿ. ಬಿಲ್ಡರ್ ಕಟ್ಟುವುದು ನಿಲ್ಲಿಸಿದ ದಿನ ಬ್ಯಾಂಕಿನವರು ಹುಡುಕಿಕೊಂಡು ಬರುವುದು ನಿಮ್ಮನ್ನು. ಯಾಕೆಂದರೆ ಸಾಲ ಇರುವುದು ನಿಮ್ಮ ಹೆಸರಲ್ಲಿ. ಕಟ್ಟಡದ ಕೆಲಸ ಎಷ್ಟು ಆಗಿದೆಯೋ ಅಷ್ಟಕ್ಕೇ ಸಾಲ ಬಿಡುಗಡೆ ಮಾಡಿ ಅಂತ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. 2019ರಲ್ಲಿ ನ್ಯಾಷನಲ್ ಹೌಸಿಂಗ್ ಬ್ಯಾಂಕು ಗೃಹಸಾಲ ಕಂಪನಿಗಳಿಗೆ ಇಂಥ ಸಾಲದಿಂದ ದೂರ ಇರಿ ಅಂದಿತು. 2025ರಲ್ಲಿ ಸುಪ್ರೀಂ ಕೋರ್ಟು ಬಿಲ್ಡರ್‌ಗಳು ಮತ್ತು ಬ್ಯಾಂಕುಗಳ ಒಳಒಪ್ಪಂದದ ಬಗ್ಗೆ ಸಿಬಿಐ ತನಿಖೆ ಮಾಡಿಸಿತು. ದೆಹಲಿ ಸುತ್ತಮುತ್ತಲಿನ ಯೋಜನೆಗಳಿಂದ ಶುರುವಾದ ಆ ತನಿಖೆಯಲ್ಲಿ ಬೆಂಗಳೂರಿನ ಹೆಸರೂ ಬಂತು. ಈ ಸ್ಕೀಮಿನ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು.

ನನ್ನ ಮೇಜಿಗೆ ಹೆಚ್ಚಾಗಿ ಬರುವುದು ಮೂರನೆಯದು, ಕಂತಿನ ಸೈಟು. ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ, ಆನೇಕಲ್, ಮಾಲೂರು ಕಡೆ. ಭಾನುವಾರ ಬೆಳಿಗ್ಗೆ ಮೆಟ್ರೊ ಸ್ಟೇಷನ್ ಹತ್ತಿರ ಟಿಟಿ ವ್ಯಾನು ಬಂದು ನಿಲ್ಲುತ್ತದೆ. ಕರೆದುಕೊಂಡು ಹೋಗಿ, ಊಟ ಹಾಕಿಸಿ, ಬಿಳಿ ಸುಣ್ಣ ಬಳಿದ ಕಲ್ಲುಗಳ ನಡುವೆ ನಿಲ್ಲಿಸಿ ಫೋಟೊ ತೆಗೆದುಕೊಡುತ್ತಾರೆ. ‘ಇವತ್ತೇ ಬುಕ್ ಮಾಡಿದರೆ ಮಾತ್ರ ಈ ರೇಟು.’

ಪೀಣ್ಯದ ಕಾರ್ಖಾನೆಯೊಂದರ ಸೂಪರ್‌ವೈಸರ್ ಒಬ್ಬರು, ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಅವರ ಹೆಂಡತಿ, ಇಬ್ಬರೂ ಬಂದಿದ್ದರು. ರಿಟರ್ನ್ಸ್ ಕೆಲಸ ಮುಗಿದ ಮೇಲೆ ಆಯಮ್ಮ ಕವರಿನಿಂದ ಗುಲಾಬಿ ಬಣ್ಣದ ಒಂದು ರಸೀದಿ ತೆಗೆದು ಮುಂದಿಟ್ಟರು.

‘ಇದಕ್ಕೆ ಟ್ಯಾಕ್ಸ್‌ನಲ್ಲಿ ಏನಾದ್ರೂ ಬಿಡ್ತಾರಾ ಮೇಡಂ? ಸೈಟ್ ತಗೊಂಡ್ವಿ.’

‘ರಿಜಿಸ್ಟ್ರೇಷನ್ ಆಯ್ತಾ?’

‘ಇದೇ ಅಲ್ವಾ ಮೇಡಂ?’

ಆ ರಸೀದಿಯನ್ನು ನಾನು ಮೇಲಿಂದ ಕೆಳಗೆ ಅವರಿಗೇ ಓದಿ ಹೇಳಿದೆ. ಮೂವತ್ತು ನಲವತ್ತರ ಸೈಟು, ಬೆಲೆ 20 ಲಕ್ಷ. ಬುಕಿಂಗ್ ಅಮೌಂಟ್ 2 ಲಕ್ಷ, ಸಂದಾಯವಾಗಿದೆ. ತಿಂಗಳಿಗೆ 15 ಸಾವಿರದಂತೆ ಐದು ವರ್ಷ ಕಂತು, ಅದು 9 ಲಕ್ಷ. ಉಳಿದ 9 ಲಕ್ಷ ರಿಜಿಸ್ಟ್ರೇಷನ್ ಸಮಯಕ್ಕೆ. ಸರ್ವೆ ನಂಬರ್ ಇರಬೇಕಾದ ಜಾಗದಲ್ಲಿ ‘ಪ್ರಪೋಸ್ಡ್ ಲೇಔಟ್, ಫೇಸ್ 2’ ಅಂತಿತ್ತು. ಸೈಟ್ ನಂಬರ್ ಜಾಗದಲ್ಲಿ ‘ಟು ಬಿ ಅಲಾಟೆಡ್’. ರೇರಾ (ಮನೆ, ಸೈಟು ಮಾರಾಟದ ಮೇಲೆ ಕಣ್ಣಿಡುವ ಪ್ರಾಧಿಕಾರ) ನಂಬರ್ ಜಾಗದಲ್ಲಿ ‘ಅಪ್ಲೈಡ್’. ಚೆಕ್ಕು ಬರೆದುಕೊಟ್ಟದ್ದು ಕಂಪನಿಯ ಹೆಸರಿಗಲ್ಲ, ಒಬ್ಬ ವ್ಯಕ್ತಿಯ ಹೆಸರಿಗೆ. ಹಿಂದೆ ತಿರುಗಿಸಿದರೆ ತೀರಾ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಷರತ್ತುಗಳು. ಬುಕಿಂಗ್ ಹಣ ವಾಪಸ್ ಇಲ್ಲ. ಸತತ ಮೂರು ಕಂತು ತಪ್ಪಿದರೆ ಬುಕಿಂಗ್ ತಾನಾಗಿ ರದ್ದು.

ಓದುತ್ತಾ ಹೋದ ಹಾಗೆ ಗಂಡ ತಲೆ ತಗ್ಗಿಸಿದರು. ಹೆಂಡತಿ ಮಾತ್ರ ನೇರವಾಗಿ ಕೇಳಿದರು: ‘ಅಂದ್ರೆ ನಾವು ದುಡ್ಡು ಕೊಟ್ಟಿದ್ದು ಯಾವ ಜಾಗಕ್ಕೆ ಮೇಡಂ?’

ಆ ಪ್ರಶ್ನೆಗೆ ಆ ಕಾಗದದಲ್ಲಿ ಉತ್ತರ ಇರಲಿಲ್ಲ. ಸರ್ವೆ ನಂಬರ್ ಇದ್ದಿದ್ದರೆ ಪಹಣಿ ತೆಗೆದು ಯಜಮಾನರು ಯಾರು ಅಂತ ನೋಡಬಹುದಿತ್ತು. ಡಿಸಿ ಕನ್ವರ್ಷನ್, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವ ಅನುಮತಿ, ಆಗಿದೆಯಾ ಅಂತ ಕೇಳಬಹುದಿತ್ತು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ ಜಾಗದ ಮೇಲೆ ಸಾಲ ಇದೆಯಾ ಅಂತ ನೋಡಬಹುದಿತ್ತು. ನಂಬರೇ ಇಲ್ಲದ ಮೇಲೆ ಏನು ಹುಡುಕುವುದು?

2016ರ ರೇರಾ ಕಾಯ್ದೆ ಇಂಥದ್ದನ್ನು ತಡೆಯಲೆಂದೇ ಬಂದದ್ದು. ಅದರ 3ನೇ ಸೆಕ್ಷನ್ ಪ್ರಕಾರ 500 ಚದರ ಮೀಟರ್‌ಗಿಂತ ದೊಡ್ಡ ಜಾಗದ ಲೇಔಟ್ ಆಗಲಿ, ಎಂಟಕ್ಕಿಂತ ಜಾಸ್ತಿ ಫ್ಲಾಟಿನ ಕಟ್ಟಡ ಆಗಲಿ, ನೋಂದಣಿ ಆಗದೆ ಮಾರುವ ಹಾಗಿಲ್ಲ, ಬುಕಿಂಗ್ ತಗೊಳ್ಳುವ ಹಾಗಿಲ್ಲ, ಜಾಹೀರಾತು ಕೊಡುವ ಹಾಗೂ ಇಲ್ಲ. ‘ಅಪ್ಲೈಡ್’ ಅಂದರೆ ನೋಂದಣಿ ಆಗಿಲ್ಲ ಅಂತಲೇ ಅರ್ಥ. ಬ್ರೋಕರ್‌ಗಳೂ ರೇರಾದಲ್ಲಿ ನೋಂದಾಯಿಸಿಕೊಳ್ಳಬೇಕು, ನೋಂದಣಿಯಾಗದ ಯೋಜನೆಯನ್ನು ಅವರು ಮಾರಿಸಿಕೊಡುವಂತಿಲ್ಲ. ಕರ್ನಾಟಕದಲ್ಲಿ ನಂಬರ್ ನೋಡಿದರೇ ತಿಳಿಯುತ್ತದೆ. ಪಿಆರ್‌ಎಂ, ಕೆಎ, ರೇರಾ ಅಂತ ಶುರುವಾಗುವ ಉದ್ದದ ನಂಬರಿನ ನಡುವೆ ‘ಪಿಆರ್’ ಇದ್ದರೆ ಅದು ಯೋಜನೆಯದು, ‘ಎಜಿ’ ಇದ್ದರೆ ಏಜೆಂಟಿನದು. ಕೆಲವು ಬ್ರೋಕರ್‌ಗಳು ತಮ್ಮ ಎಜಿ ನಂಬರನ್ನೇ ಪಾಂಪ್ಲೆಟ್‌ನಲ್ಲಿ ದಪ್ಪಕ್ಷರದಲ್ಲಿ ಹಾಕಿ ‘ರೇರಾ ಅಪ್ರೂವ್ಡ್’ ಅಂತ ತೋರಿಸುತ್ತಾರೆ. ಏಜೆಂಟಿಗೆ ನಂಬರ್ ಇದೆ ಅಂದ ಮಾತ್ರಕ್ಕೆ ಲೇಔಟಿಗೂ ಇದೆ ಅಂತ ಆಗುವುದಿಲ್ಲ. ಇದನ್ನು ಮಾತ್ರ ದಯವಿಟ್ಟು ಎಲ್ಲರಿಗೂ ಹೇಳಿ.

ಇನ್ನು ದುಡ್ಡು ಯಾರ ಖಾತೆಗೆ ಹೋಯಿತು ಅನ್ನುವುದು. ಕೊಳ್ಳುವವರಿಂದ ಬಂದ ಹಣದಲ್ಲಿ ಶೇ 70ನ್ನು ಆ ಯೋಜನೆಯದ್ದೇ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು, ಜಾಗದ ಬೆಲೆಗೂ ಕೆಲಸದ ಖರ್ಚಿಗೂ ಮಾತ್ರ ಅದನ್ನು ತೆಗೆಯಬೇಕು ಅನ್ನುತ್ತದೆ ಕಾಯ್ದೆ. ಎಷ್ಟು ಒಳ್ಳೆಯ ನಿಯಮ! ಆದರೆ ಚೆಕ್ಕು ಬ್ರೋಕರಿನ ಸ್ವಂತ ಹೆಸರಿಗೆ ಹೋದರೆ ಆ ದುಡ್ಡು ಆ ಖಾತೆಯ ಬಾಗಿಲನ್ನೂ ನೋಡಿರುವುದಿಲ್ಲ.

ಕಂತಿನಲ್ಲಿ ಜಮೀನು ಅನ್ನುವ ಮಾತು ದೇಶಕ್ಕೆ ಹೊಸದಲ್ಲ. ಪಿಎಸಿಎಲ್ ಅನ್ನುವ ಕಂಪನಿ ನೆನಪಿದೆಯಾ? ಹಳ್ಳಿ ಹಳ್ಳಿಯಲ್ಲಿ ಏಜೆಂಟರಿದ್ದರು. ಎಲ್ಲರಿಗೂ ಗೊತ್ತಿದ್ದವರು, ಪಕ್ಕದ ಮನೆಯವರು, ನೆಂಟರು. ಜಮೀನಿನ ಹೆಸರಿನಲ್ಲಿ ಕಂತು ಕಟ್ಟಿಸಿಕೊಂಡರು. ಹಣ ಹಾಕಿದವರು 5.85 ಕೋಟಿ ಜನ, ಸೇರಿದ ಹಣ ಸುಮಾರು 49,100 ಕೋಟಿ. 2014ರ ಆಗಸ್ಟ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಎಲ್ಲ ವಾಪಸ್ ಕೊಡಿ ಅಂತ ಆದೇಶ ಮಾಡಿತು. 2016ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಸಮಿತಿಗೆ ಆಸ್ತಿ ಮಾರಿ ಹಣ ಹಂಚುವ ಕೆಲಸ ವಹಿಸಿತು. ಸಣ್ಣ ಮೊತ್ತದವರಿಂದ ಶುರುಮಾಡಿ ಹಂತ ಹಂತವಾಗಿ ಕೊಡಬೇಕಾಯಿತು. ಹಣ ಕೂಡುವುದಕ್ಕೆ ಬೇಕಾದದ್ದಕ್ಕಿಂತ ಅದು ವಾಪಸ್ ಬರುವುದಕ್ಕೆ ಬೇಕಾಗುವ ವರ್ಷಗಳೇ ಜಾಸ್ತಿ.

ಆಮೇಲೆ 2019ರಲ್ಲಿ ಅನಿಯಂತ್ರಿತ ಠೇವಣಿ ಸ್ಕೀಮುಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂತು. ಅದರಲ್ಲಿ ಸ್ಥಿರಾಸ್ತಿಗೆ ಕೊಟ್ಟ ಮುಂಗಡವನ್ನು ಠೇವಣಿ ಅಂತ ಎಣಿಸುವುದಿಲ್ಲ. ಸರಿಯೇ, ಇಲ್ಲದಿದ್ದರೆ ಯಾರೂ ಮನೆಗೆ ಅಡ್ವಾನ್ಸ್ ತಗೊಳ್ಳುವಂತಿರಲಿಲ್ಲ. ಆದರೆ ಅದಕ್ಕೊಂದು ಷರತ್ತಿದೆ. ಒಪ್ಪಂದದಲ್ಲಿ ಹೇಳಿರುವ ಆಸ್ತಿಗೇ ಆ ಹಣ ಜಮಾ ಆಗಬೇಕು. ಜಾಗವನ್ನೇ ಹೇಳದ ಗುಲಾಬಿ ರಸೀದಿ ಆ ಷರತ್ತಿನೊಳಗೆ ಹೇಗೆ ಬರುತ್ತದೆ ಅಂತ ನನಗಂತೂ ಅರ್ಥವಾಗಿಲ್ಲ. ಪೊಲೀಸ್ ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರು’ ಅಂತ ಕಳಿಸುತ್ತಾರೆ ಅನ್ನುವುದು ಎಲ್ಲರ ದೂರು. ಕಂತು ಕಟ್ಟಿದವರಲ್ಲಿ ಪ್ರತಿ ತಿಂಗಳು ಲಾಟರಿ ಎತ್ತಿ ಗೆದ್ದವರಿಗೆ ಸೈಟು ಕೊಡುತ್ತೇವೆ ಅನ್ನುವವರೂ ಇದ್ದಾರೆ. ಬಹುಮಾನದ ಚೀಟಿಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ.

ಈಗ ನನಗೆ ಮುಖ್ಯ ಅನ್ನಿಸಿದ ಮಾತಿಗೆ ಬರುತ್ತೇನೆ. ಮೇಲೆ ಹೇಳಿದ್ದೆಲ್ಲ ಕಾನೂನು ಮೀರಿದವರ ಕತೆ. ಕಾನೂನು ಪಾಲಿಸುವವರ ಹತ್ತಿರ ಹೋದರೂ ಸಣ್ಣ ಉಳಿತಾಯದವರಿಗೆ ಒಂದು ದೊಡ್ಡ ತೂತು ಉಳಿದೇ ಇದೆ.

ರೇರಾದ 13ನೇ ಸೆಕ್ಷನ್ ಹೀಗೆ ಹೇಳುತ್ತದೆ: ಮಾರಾಟದ ಕರಾರು ಬರೆದು ನೋಂದಾಯಿಸುವ ಮೊದಲು ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಜಾಸ್ತಿ ಮುಂಗಡ ತಗೊಳ್ಳಬಾರದು. ಅಂದರೆ ಶೇ 10ರವರೆಗೆ ಬರೀ ರಸೀದಿಯ ಮೇಲೆ ತಗೊಳ್ಳಬಹುದು. ಎರಡು ಕೋಟಿಯ ವಿಲ್ಲಾ ಕೊಳ್ಳುವವರಿಗೆ 20 ಲಕ್ಷ ಹೋದರೆ ನೋವಾಗುತ್ತದೆ, ಆದರೆ ಅವರ ಹತ್ತಿರ ಇನ್ನೂ ಇರುತ್ತದೆ. ವಕೀಲರಿಗೆ ಕೊಡಲು, ಕಾಯಲು, ಇನ್ನೊಂದು ಕಡೆ ನೋಡಲು ಶಕ್ತಿ ಇರುತ್ತದೆ. 50 ಲಕ್ಷದ ಫ್ಲಾಟಿಗೆ ಶೇ 10 ಅಂದರೆ 5 ಲಕ್ಷ. ಅದು ಆ ಮನೆಯವರ ಇಡೀ ಉಳಿತಾಯ. ನೂರಕ್ಕೆ ನೂರು. ಕಾನೂನಿನ ಕಣ್ಣಿಗೆ ‘ಸ್ವಲ್ಪ ಮುಂಗಡ’ವಾಗಿ ಕಾಣುವುದು ಇವರಿಗೆ ಮದುವೆಯಾದಾಗಿನಿಂದ ಕೂಡಿಟ್ಟದ್ದು.

ಕರಾರು ನೋಂದಣಿ ಆದ ಮೇಲೆ ಕೈಯಲ್ಲಿ ಗಟ್ಟಿ ಆಧಾರ ಇರುತ್ತದೆ. ಯಾವ ಫ್ಲಾಟು, ಎಷ್ಟು ಅಳತೆ, ಯಾವ ದಿನ ಕೊಡಬೇಕು ಎಲ್ಲ ಬರವಣಿಗೆಯಲ್ಲಿರುತ್ತದೆ. ಹೇಳಿದ ದಿನಕ್ಕೆ ಕೊಡದಿದ್ದರೆ 18ನೇ ಸೆಕ್ಷನ್ ಪ್ರಕಾರ ಬಡ್ಡಿ ಸಮೇತ ವಾಪಸ್ ಕೇಳಬಹುದು. ಕರಾರಿನ ಮೊದಲಿನ ಆ ಕೆಲವು ವಾರ, ಕೆಲವು ಸಲ ತಿಂಗಳುಗಳು ಮಾತ್ರ ತೀರಾ ಅಪಾಯದ ಕಾಲ. ಬ್ಯಾಂಕು ಸಾಲ ಕೊಡುತ್ತದೋ ಇಲ್ಲವೋ ಅನ್ನುವುದೂ ಅದೇ ಕಾಲದಲ್ಲಿ ಗೊತ್ತಾಗುವುದು. ‘ಲೋನ್ ನಾವು ಮಾಡಿಸಿಕೊಡ್ತೀವಿ’ ಅಂದಿದ್ದ ಬ್ರೋಕರ್ ಕೊನೆಗೆ ‘ನಿಮ್ಮ ಸಿಬಿಲ್ ಸ್ಕೋರ್ ಸಾಲದು’ ಅನ್ನುತ್ತಾರೆ. ಆಗ ಒಪ್ಪಂದ ಮುರಿದವರು ಯಾರು ಅಂತಾಗುತ್ತದೆ? ಕೊಳ್ಳಲು ಬಂದವರೇ.

ಹಾಗೆ ಹಿಂದೆ ಸರಿದರೆ ಎಷ್ಟು ಕಡಿತ? 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಒಂದು ಪ್ರಕರಣ ಬಂದಿತ್ತು. ಬಿಲ್ಡರ್‌ ಮನೆ ಬೆಲೆಯ ಶೇ 20 ಮುರಿದುಕೊಳ್ಳಲು ಹೊರಟಿದ್ದರು. ಅಂಥ ಏಕಪಕ್ಷೀಯ ಷರತ್ತು ನ್ಯಾಯವಲ್ಲ ಅಂತ ಕೋರ್ಟು ಹೇಳಿತು. ಒಳ್ಳೆಯ ತೀರ್ಪು. ಆದರೆ ಶೇ 10 ಮುರಿದುಕೊಳ್ಳುವುದಕ್ಕೆ ಅಡ್ಡಿ ಮಾಡಲಿಲ್ಲ. ಹಾಗಾದರೆ ಮುಂಗಡವಾಗಿ ತಗೊಳ್ಳಬಹುದಾದದ್ದೂ ಶೇ 10, ಮುರಿದುಕೊಳ್ಳಬಹುದಾದದ್ದೂ ಶೇ 10. ಐದು ಲಕ್ಷ ಕೊಟ್ಟವರಿಗೆ ಸೊನ್ನೆ ವಾಪಸ್ ಬಂದರೂ ಅದು ಲೆಕ್ಕದ ಒಳಗೇ ಇದೆ ಅನ್ನುವ ಪರಿಸ್ಥಿತಿ.

ಬೇರೆ ದಾರಿ ಇಲ್ಲವೇ ಅಂದರೆ ಇದೆ. ಪಕ್ಕದ ಮಹಾರಾಷ್ಟ್ರದ ರೇರಾ 2022ರಲ್ಲಿ ಅಲಾಟ್‌ಮೆಂಟ್ ಲೆಟರ್‌ಗೆ, ಅಂದರೆ ಬುಕ್ ಮಾಡಿದವರಿಗೆ ಕೊಡುವ ಹಂಚಿಕೆ ಪತ್ರಕ್ಕೆ, ಒಂದು ಮಾದರಿ ಮಾಡಿತು. ಅದರ ಪ್ರಕಾರ ಪತ್ರ ಕೊಟ್ಟ 15 ದಿನದೊಳಗೆ ಬೇಡ ಅಂದರೆ ಒಂದು ರೂಪಾಯಿಯೂ ಕಡಿತವಿಲ್ಲ. ಆಮೇಲೆ ದಿನ ಕಳೆದ ಹಾಗೆ ಮನೆ ಬೆಲೆಯ ಶೇ 1, ಒಂದೂವರೆ, ಕೊನೆಗೆ 2. ಎರಡು ತಿಂಗಳ ಮೇಲೆ ಮನಸ್ಸು ಬದಲಾಯಿಸಿದರೂ 50 ಲಕ್ಷದ ಮನೆಗೆ ಒಂದು ಲಕ್ಷ ಹೋಗುತ್ತದೆ, ನಾಲ್ಕು ಲಕ್ಷ ಉಳಿಯುತ್ತದೆ. ಒಂದು ಸಂಸಾರಕ್ಕೆ ಎಷ್ಟು ದೊಡ್ಡ ವ್ಯತ್ಯಾಸ ನೋಡಿ.

ಸರ್ಕಾರದ ನೆರವೂ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ 2.0 ಭಾಗ 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ವರ್ಷಕ್ಕೆ 9 ಲಕ್ಷದವರೆಗೆ ಆದಾಯ ಇರುವ, ಎಲ್ಲೂ ಪಕ್ಕಾ ಮನೆ ಇಲ್ಲದ ಕುಟುಂಬಕ್ಕೆ ಬಡ್ಡಿ ಸಬ್ಸಿಡಿ ಸಿಗುತ್ತದೆ. ಮನೆ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಒಟ್ಟು 1.80 ಲಕ್ಷದವರೆಗೆ, ಐದು ವಾರ್ಷಿಕ ಕಂತಿನಲ್ಲಿ. ಆದರೆ ಈ ಹಣ ಬರುವುದು ಸಾಲದ ಖಾತೆಗೆ. ಮನೆ ಕೊಂಡಾದ ಮೇಲೆ. ಮುಂಗಡ ಹೊಂದಿಸಲು ಒದ್ದಾಡುವ ದಿನ ಅದು ಕೈಗೆ ಸಿಗುವುದಿಲ್ಲ. ಆ ದಿನ ಪಕ್ಕದಲ್ಲಿ ನಿಂತು ಮಾತಾಡಿಸುವವರು ಬ್ರೋಕರ್ ಮಾತ್ರ. ಅದಕ್ಕೇ ಜನ ಅವರನ್ನು ನಂಬುತ್ತಾರೆ. ‘ಯಾಕಮ್ಮ ವಿಚಾರಿಸದೆ ಕೊಟ್ರಿ?’ ಅಂತ ಗದರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇನ್ಯಾರನ್ನು ವಿಚಾರಿಸಬೇಕಿತ್ತು?

ಬ್ರೋಕರ್‌ಗಳೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಒಂದೆರಡು ಪರ್ಸೆಂಟ್ ಕಮಿಷನ್‌ಗೆ ಬಿಸಿಲಲ್ಲಿ ಅಲೆಯುವ, ಕಾಗದ ಸರಿಯಿಲ್ಲದಿದ್ದರೆ ‘ಇದು ಬೇಡ ಬಿಡಿ’ ಅಂತ ತಾವೇ ಹೇಳುವ ಬ್ರೋಕರ್‌ಗಳೂ ಇದ್ದಾರೆ. ಆದರೆ ಕಮಿಷನ್ ಬರುವುದು ಮಾರಾಟವಾದರೆ ಮಾತ್ರ. ಬೇಡ ಅಂದರೆ ಅವರಿಗೆ ಏನೂ ಇಲ್ಲ. ಹಾಗಿರುವಾಗ ಅವರ ಒಳ್ಳೆಯತನವನ್ನೇ ನಂಬಿಕೊಂಡು ನಿಯಮ ಬಿಗಿ ಮಾಡದೆ ಇರುವುದು ಸರಿಯಲ್ಲ.

ನನ್ನ ಹತ್ತಿರ ಬರುವವರಿಗೆ ನಾನು ಕೆಲಸದ ಕ್ರಮವನ್ನು ತಿರುವಿ ಹೇಳುತ್ತೇನೆ. ಮನೆ ನೋಡುವ ಮೊದಲು ಸಂಬಳದ ಖಾತೆ ಇರುವ ಬ್ಯಾಂಕಿಗೆ ಹೋಗಿ ನಮಗೆ ಎಷ್ಟು ಸಾಲ ಸಿಗುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಬ್ಯಾಂಕಿನ ಲೀಗಲ್‌ನವರು ಕಾಗದ ನೋಡಿ ಒಪ್ಪಿದರೆ ಅರ್ಧ ಭಯ ಹೋಯಿತು. ಕರಾರಿನ ಕರಡು ಓದದೆ ಟೋಕನ್ ಕೂಡ ಕೊಡಬೇಡಿ. ದುಡ್ಡು ಕೂಡಿಸಬೇಕಾದರೆ ನೋಂದಣಿಯಾದ ಚೀಟಿ ಇದೆ, ಸರ್ಕಾರದ್ದೇ ಆದ ಎಂಎಸ್‌ಐಎಲ್ ಚೀಟಿಯೂ ಇದೆ. ಪಿಎಫ್‌ನಿಂದ ಮನೆಗೆಂದು ತೆಗೆಯಲು ಅವಕಾಶವಿದೆ. ಇವೆಲ್ಲ ನಿಧಾನ. ಭಾನುವಾರದ ಟಿಟಿಯಷ್ಟು ಬೇಗ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ.

ಆ ದಂಪತಿ ಬ್ರೋಕರ್ ಆಫೀಸಿಗೆ ಹೋಗಿ ದುಡ್ಡು ವಾಪಸ್ ಕೇಳಿದರು. ‘ವಾಪಸ್ ಇಲ್ಲ, ಬೇರೆ ಲೇಔಟ್‌ಗೆ ಶಿಫ್ಟ್ ಮಾಡಿಕೊಡ್ತೀವಿ’ ಅಂದರಂತೆ. ಅದಕ್ಕೂ ರೇರಾ ನಂಬರ್ ಇರಲಿಲ್ಲ. ಅವರು ಒಪ್ಪಲಿಲ್ಲ, ಮುಂದಿನ ಕಂತು ನಿಲ್ಲಿಸಿದರು. ಕೊಟ್ಟ ಚೆಕ್ಕಿನ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟು, ಪಾಂಪ್ಲೆಟ್ಟು, ವಾಟ್ಸಾಪ್ ಮಾತುಕತೆ ಎಲ್ಲ ಜೋಡಿಸಿ ದೂರಿನ ಅರ್ಜಿ ಬರೆದುಕೊಟ್ಟಿದ್ದೇನೆ. ಆಯಮ್ಮ ಪಾಂಪ್ಲೆಟ್ ಎಸೆಯದೆ ಇಟ್ಟುಕೊಂಡಿದ್ದು ದೊಡ್ಡ ಉಪಕಾರವಾಯಿತು. ನೋಂದಣಿ ಇಲ್ಲದೆ ಜಾಹೀರಾತು ಕೊಟ್ಟದ್ದಕ್ಕೆ ಅದೇ ಸಾಕ್ಷಿ.

ಅದರ ಜೊತೆಗೆ ಕರ್ನಾಟಕ ರೇರಾಕ್ಕೆ ನನ್ನ ಹೆಸರಿನಲ್ಲೂ ಒಂದು ಪತ್ರ ಬರೆದಿದ್ದೇನೆ. ಕೇಳಿರುವುದು ಎರಡೇ. ಕರಾರು ನೋಂದಣಿಗೆ ಮೊದಲು ಕೊಟ್ಟ ಹಣಕ್ಕೆ ಮಹಾರಾಷ್ಟ್ರದ ಹಾಗೆ ಕಡಿತದ ಮಿತಿ ಇಲ್ಲೂ ಬರಲಿ. ಬ್ಯಾಂಕು ಸಾಲ ಕೊಡಲ್ಲ ಅಂತ ಪತ್ರ ಕೊಟ್ಟರೆ ಮುಂಗಡ ಪೂರ್ತಿ ವಾಪಸ್ ಬರುವ ಹಾಗೆ ಮಾಡಲಿ. ನಿಮ್ಮ ಮನೆಯ ಬೀರುವಿನಲ್ಲಿ ಇಂಥ ರಸೀದಿ ಇದ್ದರೆ, ಅದರ ಪ್ರತಿ ಇಟ್ಟು ನೀವೂ ಒಂದು ಪತ್ರ ಹಾಕಿ.